ಸ್ವದೇಶೀ ದೂರವಾಣಿಯೂ ಮಲೆನಾಡಿನ ಪ್ರಜೆಯೂ

೨೦೨೫ನೆಯ ಇಸವಿ ಸೆಪ್ಟೆಂಬರ್ ೨೭ರಂದು ಒಡಿಶಾ ರಾಜ್ಯದ ಝಾರ್ಸುಗುಡದಲ್ಲಿ ಪ್ರಧಾನಮಂತ್ರಿಗಳು ಭಾರತ ಸಂಚಾರ ನಿಗಮದ, ಅಂದರೆ ಜನರ ಬಾಯಲ್ಲಿ ಬಿಎಸ್‌ಎನ್‌ಎಲ್ ಎಂದು ರೂಢವಾಗಿರುವ ಸಂಸ್ಥೆಯ, ಸ್ವದೇಶೀ ೪ಜಿ ಸಂಪರ್ಕಜಾಲವನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. ಸುಮಾರು ೩೭,೦೦೦ ಕೋಟಿ ರೂಪಾಯಿಗಳ ವೆಚ್ಚದಲ್ಲಿ ೯೭,೫೦೦ಕ್ಕೂ ಮೇಲ್ಪಟ್ಟ ಟವರುಗಳು ದೇಶದಾದ್ಯಂತ ನಿಂತಿವೆಯೆಂದು ಸರಕಾರದವರು ಆ ದಿವಸ ಪ್ರಕಟಿಸಿದರು. ಈ ವಾರ್ತೆಯನ್ನು ಕೇಳಿ ಸಂತೋಷಪಡದ ದೇಶಾಭಿಮಾನಿ ಇರಲಾರನು. ಆದರೆ ಸಂತೋಷವು ವಿಚಾರವನ್ನು ನುಂಗಬಾರದು. ಟವರು ನಿಂತಿತೆಂಬುದು ಒಂದು ಮಾತು. ಅದರ ಕೆಳಗಿನ ಮನೆಯಲ್ಲಿ ಕರೆ ಕೇಳಿಸಿತೆಂಬುದು ಇನ್ನೊಂದು ಮಾತು. ಇವೆರಡಕ್ಕೂ ನಡುವೆ ಇರುವ ಅಂತರವನ್ನು ಅಳೆಯುವುದೇ ಇಂದಿನ ಲೇಖನದ ಉದ್ದೇಶವಾಗಿದೆ.

ಮೊದಲು ಹೊಗಳತಕ್ಕುದನ್ನು ಹೊಗಳೋಣ. ಮೊಬೈಲ್ ಜಾಲದ ಹೃದಯಸ್ಥಾನದಲ್ಲಿರುವ ಯಂತ್ರಗಳನ್ನೂ ಅವುಗಳ ತಂತ್ರಾಂಶವನ್ನೂ ತಾವಾಗಿ ನಿರ್ಮಿಸಬಲ್ಲ ದೇಶಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಸ್ವೀಡನ್, ಫಿನ್ಲೆಂಡ್, ದಕ್ಷಿಣ ಕೊರಿಯ, ಚೀನ ದೇಶಗಳ ಕಂಪನಿಗಳಿಂದ ಕೊಂಡುಕೊಂಡೇ ನಮ್ಮ ಖಾಸಗಿ ಸಂಸ್ಥೆಗಳೆಲ್ಲವೂ ವ್ಯವಹಾರ ನಡೆಸಿವೆ. ೨೦೨೦ರ ಮಾರ್ಚಿಯಲ್ಲಿ ಭಾರತ ಸಂಚಾರ ನಿಗಮವು ಕರೆದಿದ್ದ ಟೆಂಡರನ್ನು ಅದೇ ವರ್ಷದ ಜುಲೈಯಲ್ಲಿ ರದ್ದುಗೊಳಿಸಿ, ಸ್ವದೇಶದ ಯಂತ್ರಗಳನ್ನೇ ಉಪಯೋಗಿಸತಕ್ಕದ್ದೆಂಬ ನಿಶ್ಚಯಕ್ಕೆ ಬರಲಾಯಿತು. ಅದರಂತೆ ಜಾಲದ ತಿರುಳನ್ನು ಸಿ-ಡಾಟ್ ಎಂಬ ಸರಕಾರೀ ಸಂಶೋಧನ ಸಂಸ್ಥೆಯೂ, ಟವರಿನ ಮೇಲೆ ಕೂರುವ ರೇಡಿಯೋ ಯಂತ್ರವನ್ನು ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಕಂಪನಿಯೂ ನಿರ್ಮಿಸಿದವು. ಇವೆಲ್ಲವನ್ನೂ ಜೋಡಿಸಿ ನಿಲ್ಲಿಸುವ ಹೊಣೆಯನ್ನು ಟಾಟಾ ಕನ್ಸಲ್ಟೆನ್ಸಿ ಸಂಸ್ಥೆಯು ಹೊತ್ತಿತು. ೧೯೪೮ರಲ್ಲಿ ಬೆಂಗಳೂರಿನಲ್ಲಿ ಜನ್ಮವೆತ್ತಿದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಗೂ ಈ ಕಾರ್ಯದಲ್ಲಿ ಒಂದು ಪಾಲು ದೊರೆತಿದೆ. ಇದು ಕನ್ನಡ ನಾಡಿಗೂ ಅಭಿಮಾನದ ವಿಷಯವಲ್ಲವೆಂದು ಯಾರು ಹೇಳಿಯಾರು?

ಆದರೆ ಈ ಅಭಿಮಾನಕ್ಕೆ ನಾವು ತೆತ್ತ ಕಾಲದ ಬೆಲೆಯನ್ನು ಮರೆಯಲಾಗದು. ಒಂದು ಖಾಸಗಿ ಕಂಪನಿಯು ೨೦೧೨ರ ಏಪ್ರಿಲ್‌ನಲ್ಲಿ ಕಲಕತ್ತೆಯಲ್ಲಿಯೂ ಮುಂದಿನ ತಿಂಗಳು ಬೆಂಗಳೂರಿನಲ್ಲಿಯೂ ೪ಜಿ ಸೇವೆಯನ್ನು ಆರಂಭಿಸಿತು. ೨೦೧೬ರ ಸೆಪ್ಟೆಂಬರಿನಲ್ಲಿ ಮತ್ತೊಂದು ಕಂಪನಿಯು ಅದನ್ನು ದೇಶದ ಸಂತೆಸಂತೆಗೂ ಒಯ್ದಿತು. ಪ್ರಜೆಗಳ ಸ್ವಂತ ಸಂಸ್ಥೆಗಾದರೋ ೪ಜಿ ತರಂಗಗಳನ್ನು ಕೊಡುವ ತೀರ್ಮಾನವಾದುದು ೨೦೧೯ರ ಅಕ್ಟೋಬರಿನಲ್ಲಿ. ದೂರವಾಣಿಯ ಮುಖವನ್ನೇ ಕಾಣದ ೨೪,೬೮೦ ಗ್ರಾಮಗಳಿಗೆ ೨೬,೩೧೬ ಕೋಟಿ ರೂಪಾಯಿಗಳ ವೆಚ್ಚದಲ್ಲಿ ಸಂಪರ್ಕ ಕಲ್ಪಿಸುವ ಯೋಜನೆಗೆ ಕೇಂದ್ರ ಮಂತ್ರಿಮಂಡಲದ ಒಪ್ಪಿಗೆ ದೊರೆತುದು ೨೦೨೨ರ ಜುಲೈಯಲ್ಲಿ. ಸಮರ್ಪಣೆಯ ಸಮಾರಂಭ ನಡೆದುದು ೨೦೨೫ರ ಸೆಪ್ಟೆಂಬರಿನಲ್ಲಿ. ನಗರವಾಸಿಯು ಈ ಅವಧಿಯಲ್ಲಿ ೪ಜಿಯನ್ನು ದಾಟಿ ೫ಜಿಗೆ ಹೋಗಿದ್ದನು. ಕಾಡಿನಂಚಿನ ಒಕ್ಕಲಿಗನು ಕಾಯುತ್ತಲೇ ಇದ್ದನು.

ಈ ಕಾಯುವಿಕೆ ಎಲ್ಲಕ್ಕಿಂತ ಹೆಚ್ಚು ಕಹಿಯಾಗಿರುವುದು ನಮ್ಮ ಸಹ್ಯಾದ್ರಿಯ ಮಡಿಲಿನಲ್ಲಿ. ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳ ಕಣಿವೆಗಳಲ್ಲಿಯೂ ಉಡುಪಿ, ದಕ್ಷಿಣ ಕನ್ನಡಗಳ ಘಟ್ಟದ ಬುಡದಲ್ಲಿಯೂ ಇರುವ ಹಳ್ಳಿಗಳನ್ನು ನಾವು ಉದ್ದೇಶಿಸಿ ಹೇಳುತ್ತಿದ್ದೇವೆ. ೨೦೨೦ ಮತ್ತು ೨೦೨೧ರಲ್ಲಿ ಮಹಾಮಾರಿಯ ದೆಸೆಯಿಂದ ಪಾಠಶಾಲೆಗಳು ಮುಚ್ಚಿ ಮೊಬೈಲಿನಲ್ಲಿಯೇ ಪಾಠವೆಂದಾದಾಗ, ಇಲ್ಲಿಯ ಮಕ್ಕಳು ಕೊಡೆ ಹಿಡಿದುಕೊಂಡು ಗುಡ್ಡ ಹತ್ತಿ, ಸಿಗ್ನಲ್ ಸಿಕ್ಕ ಬಂಡೆಯ ಮೇಲೆ ಕುಳಿತು ಪಾಠ ಕೇಳಿದರೆಂಬುದನ್ನು ನಾಡಿನ ಪತ್ರಿಕೆಗಳೆಲ್ಲವೂ ವರದಿಮಾಡಿದ್ದವು. ಆ ಬಳಿಕದ ವರ್ಷಗಳಲ್ಲಿ ಶರಾವತಿಯ ಹಿನ್ನೀರಿನ ಗ್ರಾಮಸ್ಥರು ‘ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ’ವೆಂದು ಘೋಷಿಸುವಷ್ಟು ಬೇಸತ್ತರು. ಮತದಾನವನ್ನು ಬಹಿಷ್ಕರಿಸುವುದು ಸರಿಯಾದ ಮಾರ್ಗವೆಂದು ನಾವು ಹೇಳಲಾರೆವು. ಆದರೆ ಶಾಂತಸ್ವಭಾವದ ಜನರು ಆ ಮಾತನ್ನಾಡಬೇಕಾಗಿ ಬಂದುದು ಆಳುವವರಿಗೆ ಭೂಷಣವಲ್ಲವೆಂದು ಮಾತ್ರ ಹೇಳಬಲ್ಲೆವು.

ಆ ಹಿನ್ನೀರು ಯಾವುದೆಂಬುದನ್ನು ವಾಚಕರು ಜ್ಞಾಪಿಸಿಕೊಳ್ಳಬೇಕು. ೧೯೬೪ರಲ್ಲಿ ಪೂರ್ತಿಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ನಿಂತ ನೀರು ಅದು. ನಾಡಿನ ಕಾರ್ಖಾನೆಗಳು ತಿರುಗಲೆಂದೂ ಪಟ್ಟಣಗಳು ಬೆಳಗಲೆಂದೂ ಅಲ್ಲಿಯ ಒಕ್ಕಲುಗಳು ತಮ್ಮ ಗದ್ದೆ ತೋಟಗಳನ್ನೂ ಹಿರಿಯರ ಮನೆಗಳನ್ನೂ ನೀರಿಗೆ ಬಿಟ್ಟು ಎದ್ದರು. ಆ ನೀರನ್ನು ದಾಟಲು ಅವರು ಆರು ದಶಕಗಳ ಕಾಲ ಲಾಂಚನ್ನು ಕಾದರು. ಅಂಬಾರಗೋಡ್ಲು ಕಳಸವಳ್ಳಿಗಳ ನಡುವಿನ ಸೇತುವೆಯು ಉದ್ಘಾಟನೆಯಾದುದು ೨೦೨೫ರ ಜುಲೈ ೧೪ರಂದು. ನೀರಿನ ಮೇಲಿನ ಸೇತುವೆಗೇ ಅರುವತ್ತು ವರ್ಷವಾದರೆ ಗಾಳಿಯ ಮೇಲಿನ ಸೇತುವೆಗೆ ಎಷ್ಟು ವರ್ಷವೆಂದು ಅವರು ಕೇಳಿದರೆ ನಮ್ಮಲ್ಲಿ ಉತ್ತರವೇನು? ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರಕಲಾರದು.

ದೂರವಾಣಿಯು ಬರಿಯ ಹರಟೆಯ ಸಾಧನವಾಗಿದ್ದರೆ ಇಷ್ಟು ಬರೆಯುವ ಪ್ರಮೇಯವಿರಲಿಲ್ಲ. ಅದನ್ನು ಅನಿವಾರ್ಯವನ್ನಾಗಿ ಮಾಡಿದವರು ಸರಕಾರದವರೇ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಒತ್ತಿ, ದೂರದ ಸರ್ವರು ಒಪ್ಪಿದ ಮೇಲೆಯೇ ಅಕ್ಕಿ ಅಳೆಯತಕ್ಕದ್ದೆಂದು ವಿಧಿಸಿದರು. ೨೦೨೩ರ ಜನವರಿ ೧ರಿಂದ ಉದ್ಯೋಗಖಾತರಿಯ ಕೂಲಿಯಾಳುಗಳ ಹಾಜರಿಯನ್ನು ದಿನಕ್ಕೆರಡು ಸಲ ಮೊಬೈಲಿನಲ್ಲಿ ಚಿತ್ರ ತೆಗೆದು ದಾಖಲಿಸಬೇಕೆಂದು ಆಜ್ಞೆಮಾಡಿದರು. ಬ್ಯಾಂಕಿನ ಹಣ ತೆಗೆಯುವುದಕ್ಕೂ ಪಿಂಚಣಿಯ ಅರ್ಜಿಗೂ ವಿದ್ಯಾರ್ಥಿವೇತನಕ್ಕೂ ಮೊಬೈಲಿಗೆ ಬರುವ ಗುಪ್ತಸಂಖ್ಯೆಯೇ ಆಧಾರ. ಹಾವು ಕಚ್ಚಿದವನಿಗೂ ಹೆರಿಗೆಯ ನೋವು ಬಂದವಳಿಗೂ ೧೦೮ಕ್ಕೆ ಕರೆಮಾಡಿರೆಂದು ಊರೂರ ಗೋಡೆಗಳ ಮೇಲೆ ಬರೆಯಿಸಿದರು. ಬಾಗಿಲನ್ನು ಒಂದೇ ಒಂದಾಗಿ ಉಳಿಸಿ, ಅದರ ಕೀಲಿಕೈಯನ್ನು ಜನರ ಕೈಗೆ ಕೊಡದೆ ಹೋದರೆ ಅದಕ್ಕೆ ಸುಧಾರಣೆಯೆಂದು ಹೆಸರಿಡುವುದು ಹೇಗೆ?

ಈಗ ಕಾರಣಗಳನ್ನು ವಿಚಾರಮಾಡೋಣ. ಮೊದಲನೆಯದು ನಿಸರ್ಗದ್ದು. ರೇಡಿಯೋ ತರಂಗವು ಬೆಳಕಿನ ಜಾತಿಗೆ ಸೇರಿದುದು. ಅಡ್ಡ ಬಂದ ಗುಡ್ಡದ ಹಿಂದೆ ಅದು ನೆರಳನ್ನು ಬಿಡುತ್ತದೆ. ಬಯಲುಸೀಮೆಯಲ್ಲಿ ಒಂದು ಟವರು ಹಲವು ಊರುಗಳನ್ನು ನೋಡಿಕೊಂಡರೆ, ಮಲೆನಾಡಿನಲ್ಲಿ ಒಂದೇ ಊರಿನ ಆಚೆಕೇರಿಗೆ ತಲುಪಿದ ಕರೆಯು ಈಚೆಕೇರಿಗೆ ತಲುಪಲಾರದು. ಒದ್ದೆಯಾದ ದಟ್ಟ ಎಲೆಗಳು ತರಂಗದ ಬಲವನ್ನು ಇನ್ನಷ್ಟು ಕುಂದಿಸುತ್ತವೆ. ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂತಹ ಸ್ಥಳದಲ್ಲಿ ಎಲೆಯು ಒಣಗುವುದಾದರೂ ಯಾವಾಗ?

ಎರಡನೆಯದು ತರಂಗಗಳ ಆಯ್ಕೆಯದು. ೭೦೦ ಮೆಗಾಹರ್ಟ್ಸಿನ ತರಂಗದ ಉದ್ದ ಸುಮಾರು ೪೩ ಸೆಂಟಿಮೀಟರು. ೨೧೦೦ ಮೆಗಾಹರ್ಟ್ಸಿನದು ಸುಮಾರು ೧೪ ಸೆಂಟಿಮೀಟರು. ಉದ್ದದ ತರಂಗವು ದೂರ ಹೋಗುತ್ತದೆ, ಅಡ್ಡಿಯನ್ನು ಅಷ್ಟಿಷ್ಟು ಬಳಸಿ ಸಾಗುತ್ತದೆ, ಗೋಡೆಯನ್ನೂ ಹೊಗುತ್ತದೆ. ಆದುದರಿಂದ ಗುಡ್ಡಗಾಡಿಗೆ ೭೦೦ರದೇ ಯೋಗ್ಯ. ೨೦೨೩ರ ಜೂನ್‌ನಲ್ಲಿ ಮಂಜೂರಾದ ೮೯,೦೪೭ ಕೋಟಿ ರೂಪಾಯಿಗಳ ಪುನರುಜ್ಜೀವನ ಯೋಜನೆಯಲ್ಲಿ ನಿಗಮಕ್ಕೆ ಅದು ದೊರೆತಿದೆ. ಆದರೆ ಹಳೆಯ ಅಗ್ಗದ ಮೊಬೈಲುಗಳಲ್ಲಿ ಹಲವಕ್ಕೆ ಆ ತರಂಗವನ್ನು ಹಿಡಿಯುವ ಶಕ್ತಿಯಿಲ್ಲ. ಇನ್ನೂ ಹಲವರ ಕೈಯಲ್ಲಿ ೨ಜಿ ಕಾಲದ ಸಿಮ್ ಕಾರ್ಡೇ ಇದೆ. ಹೊಸ ಟವರು ಕಣ್ಣೆದುರಿಗೇ ನಿಂತಿರಲು ‘ಸಿಗ್ನಲ್ ಇಲ್ಲ’ವೆಂದು ಮೊಬೈಲು ತೋರಿಸಿದಾಗ ಹಳ್ಳಿಗನು ಟವರನ್ನು ಬೈಯುತ್ತಾನೆಯೇ ಹೊರತು, ತನ್ನ ಕೈಯಲ್ಲಿರುವ ಯಂತ್ರದ ಅರ್ಹತೆಯನ್ನು ಆತನಿಗೆ ತಿಳಿಸಿಹೇಳುವವರು ಯಾರು? ಸಿಮ್ ಬದಲಿಸಿಕೊಡುವ ಸಿಬ್ಬಂದಿಯು ತಾಲ್ಲೂಕು ಕಚೇರಿಯಲ್ಲಿ ಕುಳಿತಿರದೆ ವಾರದ ಸಂತೆಗೆ ಬಂದರೆ ಈ ತೊಡಕಿನ ಅರ್ಧ ಭಾಗ ತೀರುತ್ತದೆ.

ಮೂರನೆಯದು ವಿದ್ಯುಚ್ಛಕ್ತಿ ಮತ್ತು ತಂತಿ. ಟವರಿಗೆ ತನ್ನದೇ ಆದ ಪ್ರಾಣವಿಲ್ಲ. ಆಷಾಢದ ಗಾಳಿಗೆ ಮರವೊಂದು ವಿದ್ಯುತ್ ತಂತಿಯ ಮೇಲೆ ಬಿದ್ದರೆ, ಬ್ಯಾಟರಿಯು ಕೆಲವು ತಾಸು ನಡೆಯಿಸಿ ಸುಮ್ಮನಾಗುತ್ತದೆ. ಡೀಸೆಲ್ ಹೊತ್ತೊಯ್ಯುವವರಿಲ್ಲದಿದ್ದರೆ ಟವರು ಕಬ್ಬಿಣದ ಕಂಬವಷ್ಟೇ. ಅಂದರೆ ಸಹಾಯಕ್ಕಾಗಿ ಕೂಗಬೇಕಾದ ಮಳೆಗಾಲದ ದಿವಸವೇ ಕೂಗಿನ ಸಾಧನವು ಮೂಕವಾಗುತ್ತದೆ. ಸೂರ್ಯಶಕ್ತಿಯಿಂದ ನಡೆಯುವ ಟವರುಗಳೆಂದು ಹೊಸ ಯೋಜನೆಯಲ್ಲಿ ಹೆಮ್ಮೆಯಿಂದ ಹೇಳಲಾಗಿದೆ, ಉತ್ತಮ. ಆದರೆ ಮಳೆಗಾಲದ ತಿಂಗಳುಗಳಲ್ಲಿ ಸೂರ್ಯನ ಮುಖವೇ ಅಪರೂಪವಾದ ಘಟ್ಟಪ್ರದೇಶಕ್ಕೆ ರಾಜಸ್ಥಾನದ ಲೆಕ್ಕಾಚಾರವು ಸಲ್ಲದು. ಇನ್ನು ಟವರಿನಿಂದ ಹೊರಟ ಮಾತು ಲೋಕವನ್ನು ಸೇರಬೇಕಾದರೆ ನೆಲದೊಳಗಿನ ಗಾಜಿನ ತಂತಿ ಬೇಕು. ರಸ್ತೆ ಅಗಲಮಾಡುವ ಇಲಾಖೆಯು ಅಗೆದಾಗ ಅದು ಕಡಿಯುತ್ತದೆ. ಒಂದು ಇಲಾಖೆಯ ಪಿಕಾಸಿಗೆ ಇನ್ನೊಂದು ಇಲಾಖೆಯ ತಂತಿಯ ಪರಿವೆಯಿಲ್ಲ.

ನಾಲ್ಕನೆಯದು ಜನಬಲದ್ದು. ೨೦೨೦ರ ಜನವರಿ ೩೧ರಂದು ಸ್ವಯಂನಿವೃತ್ತಿಯ ಯೋಜನೆಯಂತೆ ನಿಗಮದ ಸುಮಾರು ೭೮,೦೦೦ ನೌಕರರು, ಎಂದರೆ ಹೆಚ್ಚುಕಡಮೆ ಅರ್ಧದಷ್ಟು ಸಿಬ್ಬಂದಿ, ಒಂದೇ ದಿವಸ ಮನೆಗೆ ತೆರಳಿದರು. ಸಂಬಳದ ಭಾರ ಇಳಿಯಿತು, ಲೆಕ್ಕಪತ್ರವೂ ಚೇತರಿಸಿಕೊಂಡಿತು. ೨೦೨೪ರ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಮೂರು ತಿಂಗಳಲ್ಲಿ ೨೬೨ ಕೋಟಿ ರೂಪಾಯಿ ಲಾಭ ಬಂದಿತೆಂದೂ, ೨೦೦೭ರಿಂದೀಚೆಗೆ ಇಂತಹ ಲಾಭ ಇದೇ ಮೊದಲೆಂದೂ ಪ್ರಕಟವಾಯಿತು. ನಾವು ಇದನ್ನು ಹಳಿಯುವುದಿಲ್ಲ. ಆದರೆ ಯಾವ ಕಣಿವೆಯಲ್ಲಿ ಯಾವ ಮರದ ಬುಡದಲ್ಲಿ ತಂತಿ ಹೂತಿದೆಯೆಂದು ಬಲ್ಲ ಲೈನ್‌ಮನ್ ಮನೆಗೆ ಹೋದಾಗ ಆತನೊಂದಿಗೆ ಹೋದ ಜ್ಞಾನವನ್ನು ಯಾವ ಗುತ್ತಿಗೆದಾರನೂ ಹಿಂದಕ್ಕೆ ತರಲಾರನು.

ಈ ನಾಲ್ಕೂ ಕಾರಣಗಳಿಗಿಂತ ಬಲವಾದ ಐದನೆಯದೊಂದಿದೆ, ಅದು ಎಣಿಕೆಯದು. ಸರಕಾರದ ಕಡತದಲ್ಲಿ ಊರೆಂದರೆ ಕಂದಾಯ ಗ್ರಾಮ. ಮಲೆನಾಡಿನಲ್ಲಿ ಕಂದಾಯ ಗ್ರಾಮವೆಂದರೆ ಎರಡು ಮೂರು ಗುಡ್ಡಗಳ ಮೇಲೆ ಚೆದರಿದ ಒಂಟಿಮನೆಗಳು, ಕೇರಿಗಳು, ಮಜಿರೆಗಳು. ಶಾಲೆಯ ಅಂಗಳದಲ್ಲಿ ಸಿಗ್ನಲ್ ಸಿಕ್ಕಿತೆಂದರೆ ಗ್ರಾಮವು ‘ಸಂಪರ್ಕಗೊಂಡ’ ಪಟ್ಟಿಯನ್ನು ಸೇರುತ್ತದೆ. ಆಚೆಗುಡ್ಡದ ಹತ್ತು ಮನೆಗಳು ಪಟ್ಟಿಯಿಂದಲೂ ಹೊರಗೆ, ಸಿಗ್ನಲಿನಿಂದಲೂ ಹೊರಗೆ. ಸೇವೆಯ ಗುಣಮಟ್ಟದ ನಿಯಮಗಳಲ್ಲಿಯೂ ಇದೇ ಕೊರತೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೨೪ರ ಆಗಸ್ಟಿನಲ್ಲಿ ಹೊರಡಿಸಿ ಅಕ್ಟೋಬರ್ ೧ರಿಂದ ಜಾರಿಗೆ ತಂದ ನಿಯಮಾವಳಿಯಂತೆ, ಇಡಿಯ ಜಿಲ್ಲೆಗೆ ಸೇವೆ ತಪ್ಪಿ ನಾಲ್ಕು ತಾಸು ಮೀರಿದರೆ ಕಂಪನಿಯು ವರದಿಮಾಡಬೇಕು. ಇಪ್ಪತ್ತನಾಲ್ಕು ತಾಸು ಮೀರಿದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು. ನಿಯಮವೇನೋ ಒಳ್ಳೆಯದೇ. ಆದರೆ ಒಂದು ಕಣಿವೆಯ ಏಕೈಕ ಟವರು ಹದಿನೈದು ದಿವಸ ಸತ್ತು ಬಿದ್ದರೂ ಜಿಲ್ಲೆಯು ಬದುಕಿಯೇ ಇರುವುದರಿಂದ ಈ ನಿಯಮಕ್ಕೆ ಅದು ತಟ್ಟುವುದೇ ಇಲ್ಲ. ತನ್ನ ದುಃಖವನ್ನು ಎಣಿಸದ ಲೆಕ್ಕದಲ್ಲಿ ಪ್ರಜೆಗೆ ವಿಶ್ವಾಸವಿರುವುದಾದರೂ ಹೇಗೆ?

ಇಲ್ಲಿ ಒಂದು ಆಕ್ಷೇಪವು ಏಳಬಹುದು. ‘ಹತ್ತು ಮನೆಗಳಿಗೊಂದು ಟವರು ನಿಲ್ಲಿಸಲು ಹಣವೆಲ್ಲಿ? ವ್ಯಾಪಾರವೆಂದರೆ ವ್ಯಾಪಾರ’ವೆಂದು ಹಲವರು ಹೇಳುವರು. ಹಾಗೆ ಹೇಳುವವರು ಒಂದು ಸಂಗತಿಯನ್ನು ತಿಳಿಯಬೇಕು. ಎಲ್ಲ ದೂರವಾಣಿ ಕಂಪನಿಗಳ ಪರಿಷ್ಕೃತ ಆದಾಯದಲ್ಲಿ ನೂರಕ್ಕೆ ಐದು ಪಾಲು, ಲಾಭವಿಲ್ಲದ ಹಳ್ಳಿಗಳಿಗೂ ಸಂಪರ್ಕ ಒದಗಿಸುವ ಉದ್ದೇಶಕ್ಕೆಂದೇ ೨೦೦೨ರಿಂದ ಪ್ರತ್ಯೇಕವಾದ ನಿಧಿಗೆ ಸಲ್ಲುತ್ತ ಬಂದಿದೆ. ೨೦೨೩ರ ಕಾಯದೆಯು ಅದಕ್ಕೆ ಡಿಜಿಟಲ್ ಭಾರತ ನಿಧಿಯೆಂದು ಹೆಸರಿಟ್ಟಿದೆ. ಬೆಂಗಳೂರಿನ ವರ್ತಕನು ತೆರುವ ಪ್ರತಿಯೊಂದು ರೀಚಾರ್ಜಿನಲ್ಲಿಯೂ ಹೊಸನಗರದ ಒಕ್ಕಲಿಗನಿಗೆ ಒಂದು ಪಾಲಿದೆಯೆಂದು ಕಾನೂನೇ ಒಪ್ಪಿಕೊಂಡಂತಾಯಿತು. ಆದುದರಿಂದ ಆ ಒಕ್ಕಲಿಗನು ಕೇಳುತ್ತಿರುವುದು ಭಿಕ್ಷೆಯಲ್ಲ, ಬಾಕಿ.

‘ಸರಕಾರದ ಸಂಸ್ಥೆಯೇ ಏಕೆ, ಖಾಸಗಿಯವರು ಮಾಡಲಿ’ ಎಂಬುದು ಎರಡನೆಯ ಆಕ್ಷೇಪ. ಖಾಸಗಿಯವರು ಮಾಡಬಾರದೆಂದು ನಾವು ಹೇಳುವುದಿಲ್ಲ. ಈ ನಿಧಿಯ ಹಣದಿಂದ ನಿಂತ ಒಂದೇ ಟವರಿನಿಂದ ಹಲವು ಕಂಪನಿಗಳ ಗ್ರಾಹಕರೂ ಕರೆಮಾಡಬಹುದೆಂಬ ವ್ಯವಸ್ಥೆಯನ್ನು ೨೦೨೫ರ ಜನವರಿಯಲ್ಲಿ ಆರಂಭಿಸಲಾಗಿದೆ. ಅದು ವಿವೇಕದ ಕೆಲಸ. ಆದರೆ ೨೦೨೪ರ ಜುಲೈಯ ಪಾಠವನ್ನೂ ಮರೆಯಲಾಗದು. ಆ ತಿಂಗಳು ಮೂರು ಖಾಸಗಿ ಕಂಪನಿಗಳು ಒಂದರ ಹಿಂದೊಂದು ದರಗಳನ್ನು ಏರಿಸಿದವು. ಕೂಡಲೇ ಆ ಒಂದೇ ತಿಂಗಳಲ್ಲಿ ಸುಮಾರು ೨೯ ಲಕ್ಷ ಗ್ರಾಹಕರು ಭಾರತ ಸಂಚಾರ ನಿಗಮಕ್ಕೆ ಹೊಸದಾಗಿ ಸೇರಿದರು. ಪ್ರಜೆಗಳ ಸಂಸ್ಥೆಯೊಂದು ಪೇಟೆಯಲ್ಲಿ ಜೀವಂತವಾಗಿದ್ದರೆ ಮಾತ್ರ ದರವು ಹದ್ದಿನಲ್ಲಿರುತ್ತದೆಂಬುದು ಜನರಿಗೆ ತಾನಾಗಿ ಹೊಳೆದಿತ್ತು. ಆದರೆ ಬಂದವರನ್ನು ಕೂರಿಸಲು ಮಣೆಯೇ ಸಿದ್ಧವಾಗಿರಲಿಲ್ಲ. ೪ಜಿ ಇನ್ನೂ ಅರ್ಧದಾರಿಯಲ್ಲಿತ್ತು. ನವೆಂಬರಿನ ಹೊತ್ತಿಗೆ ಬಂದವರಿಗಿಂತ ಬಿಟ್ಟು ಹೋದವರೇ ಹೆಚ್ಚಾದರು. ಅಭಿಮಾನದಿಂದ ಒಮ್ಮೆ ಬಂದು ನಿರಾಶನಾಗಿ ಹೋದವನನ್ನು ಎರಡನೆಯ ಸಲ ಕರೆತರುವುದು ಕಷ್ಟ. ಸ್ವದೇಶಿಯ ಹೆಸರಿಗೆ ಶತ್ರುಗಳು ಹಚ್ಚಲಾರದ ಮಸಿಯನ್ನು ಕಳಪೆ ಸೇವೆಯು ಹಚ್ಚಬಲ್ಲುದು.

ಸ್ವದೇಶಿಯೆಂದರೇನೆಂಬ ಮೂಲ ಪ್ರಶ್ನೆಗೆ ಇಲ್ಲಿ ಬರಬೇಕಾಗುತ್ತದೆ. ಅದಕ್ಕೆ ಉತ್ತರವು ನಮ್ಮ ಕಿತ್ತೂರಿನಲ್ಲಿಯೇ ಇದೆ. ೧೯೮೪ರಲ್ಲಿ ಸ್ಥಾಪಿತವಾದ ಇದೇ ಸಿ-ಡಾಟ್ ಸಂಸ್ಥೆಯು ನಿರ್ಮಿಸಿದ ೧೨೮ ತಂತಿಗಳ ಮೊದಲನೆಯ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರವು ೧೯೮೬ರಲ್ಲಿ ಕಾರ್ಯಾರಂಭ ಮಾಡಿದುದು ರಾಣಿ ಚೆನ್ನಮ್ಮಾಜಿಯ ಆ ಊರಿನಲ್ಲಿ. ಪರದೇಶದ ಯಂತ್ರಗಳು ತಂಪುಗೊಳಿಸಿದ ಕೋಣೆಯನ್ನು ಬೇಡುತ್ತಿದ್ದ ಕಾಲವದು. ಹಳ್ಳಿಯಲ್ಲಿ ತಂಪಿನ ಕೋಣೆಯೆಲ್ಲಿ? ನಮ್ಮ ತಂತ್ರಜ್ಞರು ಆ ಕೋಣೆಯ ಹಂಗೇ ಇಲ್ಲದೆ, ನಮ್ಮ ಧೂಳಿನಲ್ಲಿಯೂ ನಮ್ಮ ಬಿಸಿಲಿನಲ್ಲಿಯೂ ನಡೆಯುವ ಯಂತ್ರವನ್ನು ರಚಿಸಿದರು. ಅದರ ಹಿರಿಮೆಯು ಅದನ್ನು ಭಾರತದಲ್ಲಿ ಮಾಡಿದರೆಂಬುದರಲ್ಲಿ ಮಾತ್ರವಲ್ಲ, ಭಾರತದ ಹಳ್ಳಿಯನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದರೆಂಬುದರಲ್ಲಿ ಇತ್ತು. ಇಂದಿನ ೪ಜಿಗೂ ಅದೇ ಒರೆಗಲ್ಲು. ಬೆಂಗಳೂರಿನಲ್ಲಿ ಹುಟ್ಟಿದ ಯಂತ್ರವು ಆಗುಂಬೆಯ ಮಳೆಯನ್ನು ತಾಳದೆ ಹೋದರೆ ಅದು ಸ್ವದೇಶದಲ್ಲಿ ಹುಟ್ಟಿದುದಾದೀತೇ ಹೊರತು ಸ್ವದೇಶಿಯಾಗದು.

ಆದುದರಿಂದ ಅಧಿಕಾರಿವರ್ಗದ ಮುಂದೆ ನಾವು ಕೆಲವು ಸೂಚನೆಗಳನ್ನು ಇಡುತ್ತೇವೆ. ಕಂದಾಯ ಗ್ರಾಮವನ್ನು ಬಿಟ್ಟು ಕೇರಿ, ಮಜಿರೆಗಳನ್ನು ಹಿಡಿದು ಸಂಪರ್ಕದ ಎಣಿಕೆಯಾಗಲಿ. ಆ ಎಣಿಕೆಯನ್ನು ಗ್ರಾಮಸಭೆಯ ಮುಂದೆ ಓದಿ ಒಪ್ಪಿಗೆ ಪಡೆಯಲಿ. ಸಂಪರ್ಕದ ನಕ್ಷೆಗಳನ್ನು ಕಂಪನಿಗಳು ಪ್ರಕಟಿಸತಕ್ಕದ್ದೆಂದು ನಿಯಮವಾಗಿರುವಂತೆ, ಪ್ರತಿಯೊಂದು ಟವರು ತಿಂಗಳಿಗೆ ಎಷ್ಟು ತಾಸು ಮೂಕವಾಗಿತ್ತೆಂಬುದನ್ನೂ ಪ್ರಕಟಿಸಲಿ. ಮಳೆಗಾಲಕ್ಕೆ ಮುಂಚೆ, ಶಾಲೆಯ ಹೆಂಚು ಸರಿಪಡಿಸುವಂತೆ, ಘಟ್ಟದ ಟವರುಗಳ ಬ್ಯಾಟರಿಗಳನ್ನೂ ಪರೀಕ್ಷಿಸುವ ಪದ್ಧತಿ ಬರಲಿ. ಅರಣ್ಯ, ಲೋಕೋಪಯೋಗಿ, ವಿದ್ಯುತ್, ದೂರಸಂಪರ್ಕ ಇಲಾಖೆಗಳ ಅಧಿಕಾರಿಗಳು ಜಿಲ್ಲಾಧಿಕಾರಿಗಳ ಸಮ್ಮುಖದಲ್ಲಿ ತಿಂಗಳಿಗೊಮ್ಮೆ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳಲಿ. ಮುಕ್ಕಾಲು ಪಾಲಿಗಿಂತ ಹೆಚ್ಚು ನೆಲವು ಕಾಡಾಗಿರುವ ಉತ್ತರ ಕನ್ನಡದಲ್ಲಿ ಕಾಡನ್ನು ಕಡಿಯದೆ ಟವರನ್ನು ನಿಲ್ಲಿಸುವ ಸ್ಥಳಗಳನ್ನು ಊರವರೇ ತೋರಿಸಿಯಾರು. ಅವರನ್ನು ಕೇಳುವ ಸೌಜನ್ಯವಿದ್ದರೆ ಸಾಕು. ಸ್ಥಳೀಯರಾದ ತರುಣರಿಗೆ ತರಬೇತು ಕೊಟ್ಟು ದುರಸ್ತಿಯ ಹೊಣೆಯನ್ನು ಅವರಿಗೇ ವಹಿಸಲಿ. ಕೊನೆಯದಾಗಿ, ಸಂಪರ್ಕವು ದೃಢಪಡದ ಊರುಗಳಲ್ಲಿ ಕಾಗದದ ದಾಖಲೆಯಿಂದಲೇ ಅಕ್ಕಿಯನ್ನೂ ಕೂಲಿಯನ್ನೂ ಕೊಡುವ ವ್ಯವಸ್ಥೆ ನಡೆಯಲಿ. ಯಂತ್ರದ ತಪ್ಪಿಗೆ ಮನುಷ್ಯನು ಉಪವಾಸ ಬೀಳತಕ್ಕದ್ದಲ್ಲ.

ಇವುಗಳಲ್ಲಿ ಯಾವುದಕ್ಕೂ ಹೊಸ ಶೋಧನೆ ಬೇಕಾಗಿಲ್ಲ. ಯಂತ್ರವನ್ನು ನಿರ್ಮಿಸುವ ಕಠಿನವಾದ ಕಾರ್ಯವನ್ನು ನಮ್ಮವರು ಸಾಧಿಸಿಯಾಗಿದೆ. ಉಳಿದಿರುವುದು ಮೇಲ್ವಿಚಾರಣೆ, ಪ್ರಾಮಾಣಿಕವಾದ ಲೆಕ್ಕ, ಮತ್ತು ಮಳೆಯಲ್ಲಿ ಗುಡ್ಡ ಹತ್ತಬಲ್ಲ ನಾಲ್ಕು ಜನ. ಝಾರ್ಸುಗುಡದ ಸಮಾರಂಭವನ್ನು ಮಲೆನಾಡಿನವರು ತಮ್ಮ ಮನೆಯ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿಯೇ ನೋಡುವಂತಾಗಿದ್ದರೆ ಈ ಲೇಖನವೇ ಬೇಕಾಗುತ್ತಿರಲಿಲ್ಲ. ಮುಂದಿನ ಮಳೆಗಾಲದಲ್ಲಿ ಹಿನ್ನೀರಿನ ಆಚೆಯ ಕೇರಿಯಿಂದ ನಡುರಾತ್ರಿ ೧೦೮ಕ್ಕೆ ಹೊರಟ ಕರೆಯು ಮೊದಲನೆಯ ಸಲಕ್ಕೇ ತಲುಪಲಿ. ನಿಗಮದ ಅಧಿಕಾರಿಗಳಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿಪತ್ರವನ್ನು ಯಾರೂ ಬರೆದು ಕೊಡಲಾರರು.